ಯಾರ ಕೈಯಿಂದ ಬಂತು? ಜಪಾನಿನ ಕೋಟೆಗಳಲ್ಲಿ ಹೊರನಾಡಿನ ವಿದ್ಯೆ

ಕ್ರಿ.ಶ. 663ರಲ್ಲಿ ಕೊರಿಯಾದ ಹಕುಸುಕಿನೋಎ ನದೀಮುಖದಲ್ಲಿ ಜಪಾನಿನ ಯಮಾತೊ ಅರಸೊತ್ತಿಗೆಯ ನೌಕಾಪಡೆ ಚೀನಾದ ತಾಂಗ್ ಮತ್ತು ಕೊರಿಯಾದ ಸಿಲ್ಲಾ ಸೇನೆಗಳೆದುರು ನುಚ್ಚುನೂರಾಯಿತು. ಪತನಗೊಂಡಿದ್ದ ಕೊರಿಯಾದ ಬೇಕ್ಜೆ ರಾಜ್ಯವನ್ನು ಮರಳಿ ಎತ್ತಿ ನಿಲ್ಲಿಸುವ ಆಸೆ ಅಲ್ಲಿಗೆ ಮುಗಿಯಿತು. ಸೋತು ಹಿಂದಿರುಗಿದ ಹಡಗುಗಳಲ್ಲಿ ನಾಡು ಕಳೆದುಕೊಂಡ ಬೇಕ್ಜೆಯವರೂ ಇದ್ದರು. ಜಪಾನಿನ ಕೋಟೆಗಳ ಮೇಲಿನ ಪರದೇಶದ ಪ್ರಭಾವದ ಚರ್ಚೆಯನ್ನು ಈ ನಿರಾಶ್ರಿತರಿಂದ ಆರಂಭಿಸಬೇಕು ಎಂಬುದು ನನ್ನ ನಿಲುವು. ಎರಡು ಕಟ್ಟಡಗಳು ಒಂದನ್ನೊಂದು ಹೋಲುತ್ತವೆ ಎಂದ ಮಾತ್ರಕ್ಕೆ ಪ್ರಭಾವ ಸಿದ್ಧವಾಗುವುದಿಲ್ಲ. ವಿದ್ಯೆಯನ್ನು ಹೊತ್ತು ತಂದವರು ಯಾರು ಎಂಬುದನ್ನು ತೋರಿಸಬೇಕಾಗುತ್ತದೆ.

ತಾಂಗ್ ದಂಡು ಬೆನ್ನಟ್ಟಿ ಬರಬಹುದೆಂಬ ಭಯದಲ್ಲಿ ಮರುವರ್ಷವೇ ಕ್ಯೂಷು ದ್ವೀಪದ ದಜೈಫು ಬಳಿ ಮಿಜುಕಿ ಎದ್ದಿತು. ಹೆಸರಿನ ಅರ್ಥ ‘ನೀರಿನ ಕೋಟೆ’. ಬೆಟ್ಟಗಳ ನಡುವಿನ ಬಯಲಿಗೆ ಅಡ್ಡಲಾಗಿ ಸುಮಾರು 1.2 ಕಿ.ಮೀ. ಉದ್ದಕ್ಕೆ ಹಾಕಿದ ಮಣ್ಣಿನ ಏರಿ ಅದು. ಬುಡದಲ್ಲಿ 80 ಮೀಟರ್ ಅಗಲ, ಎತ್ತರ ಹತ್ತಿರ ಹತ್ತಿರ 10 ಮೀಟರ್. ಸಮುದ್ರದ ಕಡೆಗೆ 60 ಮೀಟರ್ ಅಗಲದ ಕಂದಕ. ನಮ್ಮ ಕೆರೆ ಏರಿಯ ತೂಬಿನ ಹಾಗೆ ಏರಿಯ ಅಡಿಯಲ್ಲಿ ಮರದ ಹಲಗೆಗಳ ಕಾಲುವೆ ಹಾಯಿಸಿ, ಒಳಗಿನ ನೀರನ್ನು ಹೊರಗಿನ ಕಂದಕಕ್ಕೆ ಬಿಡುತ್ತಿದ್ದರು. ಉತ್ಖನನದಲ್ಲಿ ಏರಿಯ ತಳದಲ್ಲಿ ಎಲೆ ಸಮೇತ ಹಾಸಿದ ಕೊಂಬೆರೆಂಬೆಗಳ ಪದರ ಸಿಕ್ಕಿದೆ. ಮೆತ್ತನೆಯ ನೆಲ ಭಾರಕ್ಕೆ ಜಾರದಿರಲೆಂದು ಮಾಡಿದ ಉಪಾಯವಿದು. ಮೇಲೆ ಮಣ್ಣನ್ನು ಪದರ ಪದರವಾಗಿ ಹರಡಿ ದಮ್ಮಸು ಮಾಡಿ ಏರಿಸಿದ್ದಾರೆ. ಇದೇ ಎಲೆಹಾಸು ಸೋಲ್ ನಗರದ ಪುಂಗ್ನಪ್ ಮಣ್ಣಿನ ಕೋಟೆಯಲ್ಲೂ ಇದೆ, ಅದು ಬೇಕ್ಜೆಯವರ ಕೆಲಸ. ಮಿಜುಕಿ ಕಟ್ಟಿಸಿದವರ ಹೆಸರನ್ನು ಜಪಾನಿನ ಪ್ರಾಚೀನ ಚರಿತ್ರೆ ‘ನಿಹೊನ್ ಶೋಕಿ’ ಹೇಳುವುದಿಲ್ಲ. 665ರ ಓನೊ ಮತ್ತು ಕೀಇ ಬೆಟ್ಟಗೋಟೆಗಳಿಗಾದರೋ ಹೆಸರು ಹಿಡಿದೇ ಹೇಳುತ್ತದೆ. ಜಪಾನಿ ಉಚ್ಚಾರಣೆಯಲ್ಲಿ ಒಕುರೈ ಫುಕುರು, ಶಿಹಿ ಫುಕುಬು. ಇಬ್ಬರೂ ಬೇಕ್ಜೆಯ ಅಧಿಕಾರಿಗಳು. ಕಣಿವೆಯನ್ನೇ ಒಳಗಿಟ್ಟುಕೊಂಡು ಬೆಟ್ಟದ ಏಣುಗಳ ಮೇಲೆ ಸುತ್ತಿ ಬರುವ ಓನೊ ಕೋಟೆಯ ಗೋಡೆ ಕೊರಿಯಾದ ಮಾದರಿಯದೇ. ತಾಂಗ್ ದಂಡು ಬರಲಿಲ್ಲ, ಕೋಟೆಗಳು ಹಾಳುಬಿದ್ದವು. ಮಧ್ಯಯುಗದ ಜಪಾನಿ ಬೆಟ್ಟಗೋಟೆಗಳು ಈ ಮನೆತನದವಲ್ಲ. ಅವು ಏಣನ್ನು ಕಡಿದು ಒಣಕಂದಕ ತೋಡುವ ಬೇರೆಯೇ ಜಾಡಿನವು.

ಇನ್ನು ಹೆಚ್ಚು ಪ್ರಚಾರ ಪಡೆದ ವಾದಕ್ಕೆ ಬರೋಣ. 1543ರಲ್ಲಿ ಪೋರ್ಚುಗೀಸರೊಂದಿಗೆ ಬಂದೂಕು ಬಂತು. ಸೇನಾಧಿಪತಿ ಒಡ ನೊಬುನಾಗ 1576ರಲ್ಲಿ ಆರಂಭಿಸಿದ ಅಜುಚಿ ಕೋಟೆಯಲ್ಲಿ ಬಹುಮಹಡಿಯ ತೆನ್‌ಶು ಗೋಪುರ ಎದ್ದಿತು. ‘ತೆನ್‌ಶು’ವನ್ನು ಕ್ರೈಸ್ತರ ‘ಸ್ವರ್ಗದ ಒಡೆಯ’ ಎಂಬರ್ಥದ ಅಕ್ಷರಗಳಲ್ಲೂ ಬರೆಯುತ್ತಿದ್ದರು. ಆದ್ದರಿಂದ ಗೋಪುರ ಯುರೋಪಿನದು ಎನ್ನುತ್ತಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ಅಜುಚಿಯನ್ನು ವರ್ಣಿಸಿದ ಜೆಸುಯಿಟ್ ಪಾದ್ರಿ ಲೂಯಿಸ್ ಫ್ರೋಯಿಸ್, ತೆನ್‌ಶುವನ್ನು ತಮ್ಮ ನಾಡಿನ ಗೋಪುರಗಳೊಂದಿಗೆ ಹೋಲಿಸಿ ಇದೇ ಹೆಚ್ಚು ಭವ್ಯ ಎಂದವರು. ತಮ್ಮವರು ಕಲಿಸಿದ ವಿದ್ಯೆಯಾಗಿದ್ದರೆ ಆ ಹೆಮ್ಮೆಯನ್ನು ಅವರು ಮುಚ್ಚಿಡುತ್ತಿರಲಿಲ್ಲ. ಅಜುಚಿಯಲ್ಲಿ ಕೆಲಸ ಮಾಡಿದ ಹೊರನಾಡಿನ ಒಬ್ಬನ ಹೆಸರು ದಾಖಲೆಯಲ್ಲಿ ನಿಜಕ್ಕೂ ಇದೆ. ಅವನು ಯುರೋಪಿನವನಲ್ಲ. ನೊಬುನಾಗನ ಚರಿತ್ರೆ ‘ಶಿಂಚೋ ಕೋಕಿ’ಯ ಪ್ರಕಾರ, ಅಲ್ಲಿನ ಹೆಂಚುಗಳನ್ನು ಚೀನೀ ಶೈಲಿಯಲ್ಲಿ ಮಾಡಿಸಲು ನೇಮಿಸಿದ್ದು ಇಕ್ಕಾನ್ ಎಂಬ ಚೀನೀಯನನ್ನು. ಗೋಪುರದ ಚರ್ಚೆಯಲ್ಲಿ ಪುಟಗಟ್ಟಲೆ ಬರೆದವರು ಈ ಹೆಂಚುಗಾರನಿಗೆ ಒಂದು ಸಾಲನ್ನೂ ಕೊಡದಿರುವುದು ನನಗೆ ನೋವಿನ ವಿಷಯ. ಬಂದೂಕು ಪರದೇಶದ್ದು, ಸರಿ. ಅದಕ್ಕೆ ಕಲ್ಲಿನ ಗೋಡೆ ಕೊಟ್ಟ ಉತ್ತರ ಓಮಿ ಸೀಮೆಯ ಅನೋ ಕಲ್ಲುಕುಟಿಗರದು.

1592ರಿಂದ 1598ರವರೆಗೆ, ಆಗ ಜಪಾನನ್ನು ಆಳುತ್ತಿದ್ದ ಟೊಯೊಟೊಮಿ ಹಿದೆಯೋಶಿಯ ದಂಡು ಕೊರಿಯಾದ ತೆಂಕಣ ಕರಾವಳಿಯಲ್ಲಿ ಕೋಟೆಗಳ ಸಾಲನ್ನೇ ಕಟ್ಟಿತು. ಹಡಗುಕಟ್ಟೆಯನ್ನೂ ಬೆಟ್ಟದ ತುದಿಯನ್ನೂ ಒಂದೇ ಹಿಡಿತದಲ್ಲಿಡಲು ಇಳಿಜಾರಿನಲ್ಲಿ ಏರುಗೋಡೆಗಳನ್ನು ಹಾಯಿಸಿದರು. ಸೊಸೆಂಗ್‌ಪೋ ಕೋಟೆಯಲ್ಲಿ ಅದನ್ನು ಈಗಲೂ ನೋಡಬಹುದು. ಮುಂದೆ ಜಪಾನಿನ ಹಿಕೊನೆ, ಮತ್ಸುಯಾಮ ಕೋಟೆಗಳಲ್ಲಿ ಅದೇ ಏರುಗೋಡೆ ಕಾಣಿಸಿಕೊಳ್ಳುತ್ತದೆ. ಪರನಾಡು ಇಲ್ಲಿ ಮಾದರಿಯನ್ನು ಕೊಡಲಿಲ್ಲ, ಇಕ್ಕಟ್ಟನ್ನು ಕೊಟ್ಟಿತು.

ಇನ್ನು ಹಕೊದಾತೆ ಬಂದರಿನ ಗೊರ್ಯೊಕಾಕು ಕೋಟೆಯ ವಿದ್ಯೆ ಬಂದದ್ದು ಕಾಗದದ ಮೇಲೆ. 1855ರಲ್ಲಿ ಬಂದರಿಗೆ ಬಂದ ಫ್ರೆಂಚ್ ಯುದ್ಧನೌಕೆಯ ಅಧಿಕಾರಿಗಳಿಂದ ಜಪಾನಿ ವಿದ್ವಾಂಸ ತಕೆದಾ ಅಯಸಬುರೊ ಕೊತ್ತಳಗಳ ನಕ್ಷೆಯನ್ನು ನಕಲು ಮಾಡಿಕೊಂಡರು. 1857ರಲ್ಲಿ ಆರಂಭವಾಗಿ 1864ರಲ್ಲಿ ಐದು ಕೋನಗಳ ನಕ್ಷತ್ರದುರ್ಗ ಸಿದ್ಧವಾಯಿತು. ಕೋನಗಳ ನಡುವೆ ಯೋಜಿಸಿದ್ದ ಐದು ಹೊರಕೊತ್ತಳಗಳಲ್ಲಿ ಕಟ್ಟಿದ್ದು ಒಂದನ್ನೇ. ಇಂಥ ಕೋಟೆಯ ಮೂಲಸೂತ್ರ ತಗ್ಗಾಗಿರುವುದು: ಒಳಗಿನ ಯಾವುದೂ ದಿಬ್ಬದ ಮೇಲೆ ತಲೆ ಎತ್ತಬಾರದು. ಆದರೆ ಒಳಗೆ ನಿಂತದ್ದು ಜಪಾನಿ ಪದ್ಧತಿಯ ಮರದ ಕಚೇರಿ, ಅದರ ನೆತ್ತಿಯ ಮೇಲೊಂದು ನಗಾರಿ ಗೋಪುರ. ಹಳೆಯ ಶೋಗುನ್ ಪಕ್ಷದ ಸೈನಿಕರು ಕೋಟೆಯನ್ನು ಹಿಡಿದಿದ್ದ 1869ರ ಯುದ್ಧದಲ್ಲಿ ಕೊಲ್ಲಿಯಿಂದ ಗುಂಡು ಹಾರಿಸಿದ ಸರ್ಕಾರಿ ಹಡಗುಗಳಿಗೆ ಆ ಗೋಪುರವೇ ಗುರುತಾಯಿತು. ಒಳಗಿದ್ದವರು ಅದನ್ನು ತಾವೇ ಕಡಿದು ಕೆಡವಿದರು.