ಹಿಮದ ಮೇಲೊಂದು ಹಲಗೆ
(ಆಕಾಶವಾಣಿ ಭಾಷಣ)

ಕನ್ನಡ ಮೇಷ್ಟರಿಗೂ ಹಿಮಕ್ಕೂ ಏನು ಸಂಬಂಧವೆಂದು ಕೇಳುಗರು ಹುಬ್ಬೇರಿಸಿದರೆ ತಪ್ಪಲ್ಲ. ಮೂವತ್ತೈದು ವರ್ಷ ಹಳಗನ್ನಡದ ಪಾಠ ಹೇಳಿದವನು ನಾನು. ಕವಿಗಳ ಕಾಲ, ದೇಶ, ಹೆಸರುಗಳನ್ನು ಕುರಿತು ವಾದ ಮಾಡಿದ್ದೇ ನನ್ನ ಜೀವನದ ಬಹುಪಾಲು. ಹೋದ ಚಳಿಗಾಲದಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಅಲ್ಲಿಯ ನೆಲಮಾಳಿಗೆಯಲ್ಲಿ ಹದಿನಾಲ್ಕು ವರ್ಷದ ನನ್ನ ಮೊಮ್ಮಗ ಒಂದು ಹಲಗೆಯನ್ನು ಕಟ್ಟುತ್ತಿದ್ದ. ಆ ಹಲಗೆಯೇ ಇಂದಿನ ಮಾತಿಗೆ ಕಾರಣ.

ಅದನ್ನು ಸ್ನೋಬೋರ್ಡ್ ಎನ್ನುತ್ತಾರೆ. ಸ್ಕೀ ಎಂಬ ಸಾಧನದಲ್ಲಿ ಕಾಲಿಗೊಂದರಂತೆ ಎರಡು ಪಟ್ಟಿಗಳಿರುತ್ತವೆ. ಇದರಲ್ಲಾದರೋ ಇರುವುದು ಒಂದೇ ಅಗಲವಾದ ಹಲಗೆ. ಎರಡು ಪಾದಗಳನ್ನೂ ಅದರ ಮೇಲೆ ಅಡ್ಡಲಾಗಿಟ್ಟು, ಮೈಯನ್ನು ಓರೆಯಾಗಿ ತಿರುಗಿಸಿ ನಿಂತು, ಹಿಮದ ಇಳಿಜಾರಿನಲ್ಲಿ ಜಾರಬೇಕು. ಅಂಗಡಿಯಲ್ಲಿ ಸಿಗುವ ವಸ್ತುವನ್ನು ಮನೆಯಲ್ಲೇಕೆ ಮಾಡುತ್ತೀ ಎಂದು ಕೇಳಿದೆ. "ಇದು ಹುಟ್ಟಿದ್ದೇ ಮನೆಯಲ್ಲಿ ಅಜ್ಜಾ, ಅದೂ ಇದೇ ರಾಜ್ಯದಲ್ಲಿ" ಎಂದ. ಚರಿತ್ರೆಯ ಮಾತು ಬಂದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮರುದಿನದಿಂದ ಅಲ್ಲಿಯ ಗ್ರಂಥಾಲಯಕ್ಕೆ ನಡೆದೆ.

ಮೊಮ್ಮಗ ಹೇಳಿದ ಕಥೆ ನಿಜವೇ ಆಗಿತ್ತು. ಮಿಶಿಗನ್ ಸರೋವರದ ದಂಡೆಯ ಮೇಲೆ ಮಸ್ಕೀಗನ್ ಎಂಬ ಪಟ್ಟಣವುಂಟು. 1965ರ ಕ್ರಿಸ್‌ಮಸ್ ದಿನ ಅಲ್ಲಿ ಶೆರ್ಮನ್ ಪಾಪೆನ್ ಎಂಬ ಇಂಜಿನಿಯರನ ಪತ್ನಿ ತುಂಬು ಗರ್ಭಿಣಿ. ಮಕ್ಕಳ ಗಲಾಟೆ ತಾಳದೆ, ಇವರನ್ನು ಹೊರಗೆ ಕರೆದುಕೊಂಡು ಹೋಗಿ ಎಂದಳು. ಮನೆಯ ಹಿಂದಿನ ಮರಳುದಿಬ್ಬ ಹಿಮದಿಂದ ಮುಚ್ಚಿಹೋಗಿತ್ತು. ಮಗಳು ಜಾರುಬಂಡಿಯ ಮೇಲೆ ಕೂರುವ ಬದಲು ನಿಂತುಕೊಂಡು ಇಳಿಯಲು ಹವಣಿಸಿದ್ದು ತಂದೆಯ ಕಣ್ಣಿಗೆ ಬಿತ್ತು. ಆತ ಒಳಗೆ ಹೋಗಿ, ಮಕ್ಕಳ ಎರಡು ಸ್ಕೀಗಳನ್ನು ಒತ್ತಾಗಿಟ್ಟು, ಅಡ್ಡಪಟ್ಟಿ ಬಡಿದು ಒಂದಾಗಿಸಿದ. ಮುಂದೆ ಹಿಡಿದುಕೊಳ್ಳಲು ಮೂತಿಗೊಂದು ಹಗ್ಗವೂ ಬಂತು. ಹಿಮ ಮತ್ತು ಅಲೆಸವಾರಿ ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು 'ಸ್ನರ್ಫರ್' ಎಂದು ಹೆಸರಿಟ್ಟವಳು ಆತನ ಪತ್ನಿ. ನಮ್ಮ ವ್ಯಾಕರಣದ ದೃಷ್ಟಿಯಲ್ಲಿ ಇದನ್ನು ಸಂಧಿಯೆನ್ನಬೇಕೋ ಸಮಾಸವೆನ್ನಬೇಕೋ, ಬಲ್ಲವರು ಹೇಳಲಿ. 1966ರಲ್ಲಿ ಬ್ರನ್ಸ್‌ವಿಕ್ ಎಂಬ ಕಂಪನಿ ಅದನ್ನು ತಯಾರಿಸತೊಡಗಿತು. 1968ರಲ್ಲಿ ಪಾಪೆನ್ನನಿಗೆ ಪೇಟೆಂಟ್ ದೊರೆಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚರಿತ್ರಕಾರನ ಕೆಲಸ ಸುಲಭವಾಗುತ್ತಿತ್ತು. ಆದರೆ ಪುಟ ತಿರುವಿದಂತೆಲ್ಲ ಮೊದಲಿಗರ ಸಂಖ್ಯೆ ಬೆಳೆಯುತ್ತಲೇ ಹೋಯಿತು. ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡಿನಲ್ಲಿ ಟಾಮ್ ಸಿಮ್ಸ್ ಎಂಬ ಹುಡುಗ 1963ರಲ್ಲಿಯೇ, ಶಾಲೆಯ ಮರಗೆಲಸದ ತರಗತಿಯಲ್ಲಿ ಇಂಥದೊಂದು ಹಲಗೆ ಮಾಡಿದ್ದ. ಕಾಲು ಜಾರದಿರಲೆಂದು ಮೇಲೆ ರತ್ನಗಂಬಳಿಯ ತುಂಡು, ಹಲಗೆ ಜಾರಲೆಂದು ಕೆಳಗೆ ಅಲ್ಯೂಮಿನಿಯಂ ತಗಡು. ಅದಕ್ಕೂ ಹಿಂದೆ, 1939ರಲ್ಲಿ, ವರ್ನ್ ವಿಕ್ಲಂಡ್ ಹಾಗೂ ಬರ್ಗೆಸನ್ ಮನೆತನದ ಇಬ್ಬರು ನಿಂತು ಜಾರುವ ಹಲಗೆಗೆ ಪೇಟೆಂಟ್ ಪಡೆದಿದ್ದರು. ಇನ್ನು ತುರ್ಕಿಯ ಈಶಾನ್ಯದಲ್ಲಿ, ಕಪ್ಪುಸಮುದ್ರಕ್ಕೆ ಮುಖಮಾಡಿದ ರಿಜೆ ಪ್ರಾಂತದ ಬೆಟ್ಟಗಳಲ್ಲಿ, ಪೆತ್ರಾನ್ ಎಂಬ ಹಳ್ಳಿಯ ಜನ ತಲೆಮಾರುಗಳಿಂದ ಮರದ ಹಲಗೆಯ ಮೇಲೆ ನಿಂತು ಹಿಮದಲ್ಲಿ ಇಳಿಯುತ್ತ ಬಂದಿದ್ದಾರೆ. ಒಂದು ಕೈಯಲ್ಲಿ ಹಲಗೆಯ ಮೂತಿಗೆ ಕಟ್ಟಿದ ಹಗ್ಗ, ಇನ್ನೊಂದರಲ್ಲಿ ಒಂದು ಕೋಲು. ಅವರಲ್ಲಿ ಮೊದಲು ಹಲಗೆ ಕೆತ್ತಿದವನು ಯಾವ ಕಚೇರಿಯಲ್ಲೂ ಹೆಸರು ಬರೆಸಲಿಲ್ಲ.

ಮುಂದಿನ ಅಧ್ಯಾಯ ಜೇಕ್ ಬರ್ಟನ್ ಕಾರ್ಪೆಂಟರ್‌ನದು. ಅಡ್ಡಹೆಸರೇ ಬಡಗಿ ಎಂಬುದು ಕಾಕತಾಳೀಯ. ಆತ ಓದಿದ್ದು ಅರ್ಥಶಾಸ್ತ್ರ. ಬಾಲ್ಯದಲ್ಲಿ ಸ್ನರ್ಫರ್ ಮೇಲೆ ಜಾರಿದ ಸುಖವನ್ನು ಮರೆಯಲಾರದೆ, ನ್ಯೂಯಾರ್ಕಿನ ಉದ್ಯೋಗ ತೊರೆದು, 1977ರಲ್ಲಿ ವರ್ಮಾಂಟಿನ ಲಂಡನ್‌ಡೆರಿ ಎಂಬ ಹಳ್ಳಿಗೆ ಬಂದ. ರಾತ್ರಿ ಬಾರಿನಲ್ಲಿ ದುಡಿಯುವುದು, ಹಗಲು ಹಲಗೆ ಕೊರೆಯುವುದು. ನೂರರಷ್ಟು ಮಾದರಿಗಳನ್ನು ಮಾಡಿ ನೋಡಿದನಂತೆ. ಪಾದಗಳನ್ನು ಹಲಗೆಗೆ ಬಿಗಿಯುವ ಪಟ್ಟಿಗಳನ್ನು ಜೋಡಿಸಿ, 1979ರಲ್ಲಿ ಮಿಶಿಗನ್ನಿನ ಸ್ನರ್ಫರ್ ಸ್ಪರ್ಧೆಗೆ ಹೋದಾಗ, ಇದು ಸ್ನರ್ಫರೇ ಅಲ್ಲ ಎಂಬ ಆಕ್ಷೇಪವೆದ್ದಿತು. ಕೊನೆಗೆ ಆತನಿಗಾಗಿ ಬೇರೆಯೇ ಒಂದು ವರ್ಗ ಮಾಡಿದರು. ಅದರಲ್ಲಿ ಸ್ಪರ್ಧಿಸಿದವನೂ ಗೆದ್ದವನೂ ಅವನೊಬ್ಬನೇ! ಸ್ಕೀ ತಾಣಗಳ ಒಡೆಯರು ಬಹುಕಾಲ ಈ ಹಲಗೆಯವರನ್ನು ಒಳಗೆ ಬಿಡಲಿಲ್ಲ. ವರ್ಮಾಂಟಿನ ಸ್ಟ್ರಾಟನ್ ಬೆಟ್ಟ ಬಾಗಿಲು ತೆರೆದದ್ದು 1983ರಲ್ಲಿ. ಅಲ್ಲಿಂದ ಹದಿನೈದೇ ವರ್ಷಗಳಲ್ಲಿ, 1998ರ ಜಪಾನಿನ ನಗಾನೊ ಒಲಿಂಪಿಕ್ಸ್‌ನಲ್ಲಿ, ಈ ಆಟಕ್ಕೆ ಪದಕವಿತ್ತು. ಪಾಪೆನ್, ಬರ್ಟನ್ ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 2019ರಲ್ಲಿ.

ಇನ್ನು ಹಲಗೆ ಕಟ್ಟುವ ಬಗೆ. ಮೊಮ್ಮಗನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ಕಂಡದ್ದನ್ನು ಹೇಳುತ್ತೇನೆ. ಒಂದೇ ಮರದ ತುಂಡಿನಿಂದ ಮಾಡಿದರೆ ಹಲಗೆ ಎಳೆಯ ಜಾಡಿನಲ್ಲಿ ಸೀಳುತ್ತದೆ, ಇಲ್ಲವೇ ಸೊಟ್ಟಗಾಗುತ್ತದೆ. ಆದ್ದರಿಂದ ಬೆರಳಗಲದ ಪಟ್ಟಿಗಳನ್ನು ಉದ್ದುದ್ದ ಅಂಟಿಸುತ್ತಾರೆ. ಒಂದರ ವಕ್ರತೆಯನ್ನು ಇನ್ನೊಂದು ತಡೆಯುತ್ತದೆ. ಅದನ್ನು ಹತ್ತರಿ ಹೊಡೆದು, ನಡುವೆ ದಪ್ಪ ಉಳಿಸಿ ತುದಿಗಳತ್ತ ತೆಳ್ಳಗೆ ಮಾಡುತ್ತಾರೆ. ಮೇಲೆ ಕೆಳಗೆ ಗಾಜಿನ ನಾರಿನ ಬಟ್ಟೆ, ಎಪಾಕ್ಸಿ ಅಂಟು; ತಳಕ್ಕೆ ಜಾರುವ ಪ್ಲಾಸ್ಟಿಕ್, ಅಂಚಿಗೆ ಉಕ್ಕಿನ ಪಟ್ಟಿ. ಎಲ್ಲವನ್ನೂ ಅಚ್ಚಿನಲ್ಲಿಟ್ಟು ಬಿಗಿದರೆ ತುದಿಗಳು ಮೇಲಕ್ಕೆ ಬಾಗಿ ನಿಲ್ಲುತ್ತವೆ. ಹಲಗೆಯ ಸೊಂಟ ಸ್ವಲ್ಪ ಸಣ್ಣದಿರಬೇಕು. ಆಗ ಓರೆ ಮಾಡಿದಾಗ ಅಂಚು ಹಿಮದಲ್ಲಿ ಕಮಾನಾಗಿ ಕೊರೆಯುತ್ತದೆ, ಹಲಗೆ ತಾನಾಗಿ ತಿರುಗುತ್ತದೆ. ಹುಡುಗನ ಮೊದಲ ಹಲಗೆ ಅಂಟು ಪೂರ್ತಿ ಗಟ್ಟಿಯಾಗುವ ಮೊದಲೇ ಅಚ್ಚಿನಿಂದ ತೆಗೆದದ್ದರಿಂದ ಪದರ ಪದರವಾಗಿ ಬಿಟ್ಟಿತ್ತು. ಎರಡನೆಯದನ್ನು ಎರಡು ದಿನ ಮುಟ್ಟದೆ ಕಾದ. ಅವನ ವಯಸ್ಸಿನಲ್ಲಿ ಅದೊಂದು ತಪಸ್ಸೇ.

ಕಾಯುವ ಆ ಎರಡು ದಿನಗಳಲ್ಲಿ ನಾನು ಅವನಿಗೆ ನನ್ನ ಜಾರಾಟದ ಕಥೆ ಹೇಳಿದೆ. ಪಾಪೆನ್ ಸ್ಕೀ ಜೋಡಿಸಿದ 1965ರಲ್ಲಿ ನನಗೆ ಎಂಟು ವರ್ಷ. ಮಲೆನಾಡಿನ ನಮ್ಮೂರಿನಲ್ಲಿ ಹಿಮವೆಲ್ಲಿಯದು? ಬೇಸಗೆಯಲ್ಲಿ ಬೇಣದ ಹುಲ್ಲು ಒಣಗಿ ಬೆಣ್ಣೆಯಂತೆ ಜಾರುತ್ತಿತ್ತು. ಅಡಿಕೆ ಹಾಳೆಯ ಮೇಲೆ ಕುಳಿತು, ಮುಂದಿನ ಸೋಗೆಯ ದಂಟನ್ನು ಲಗಾಮಿನಂತೆ ಹಿಡಿದು, ಇಳಿಜಾರಿಗೆ ಮೈಯೊಡ್ಡಿದರೆ ಸಾಕು. ಅಮೆರಿಕದಲ್ಲಿ ಡಿಮಿಟ್ರಿ ಮಿಲೊವಿಚ್ ಎಂಬಾತ ಕಾಲೇಜಿನ ಊಟದ ತಟ್ಟೆಯ ಮೇಲೆ ಹಿಮದಲ್ಲಿ ಜಾರಿ, ಅದರಿಂದಲೇ ಹಲಗೆಯ ಯೋಚನೆ ಪಡೆದನೆಂದು ಓದಿದಾಗ ನನಗೆ ನಮ್ಮ ಹಾಳೆಯೇ ಕಣ್ಣಮುಂದೆ ಬಂದಿತ್ತು.

ಹಾಳೆ ಬೇಗ ಹರಿಯುತ್ತದೆಂದು ನಾವು ಗೋಳಾಡಿದಾಗ, ಮನೆಗೆ ಬಾಗಿಲು ಕೆತ್ತಲು ಬಂದಿದ್ದ ಆಚಾರಿಯೊಬ್ಬರು ಹಲಸಿನ ಹಲಗೆಯ ಮೂತಿಯನ್ನು ಬಾಚಿಯಿಂದ ಮೇಲಕ್ಕೆ ಕೆತ್ತಿ, ತಳಕ್ಕೆ ಎಣ್ಣೆ ತೀಡಿ, ಮುಂದೆ ಹಗ್ಗ ಕಟ್ಟಿಕೊಟ್ಟಿದ್ದರು. ಮೂರು ಬೇಸಗೆ ಅದರ ಮೇಲೆ ಜಾರಿದೆವು. ಯಾರೂ ಕಲಿಸದೆ, ಯಾವ ಚಿತ್ರವನ್ನೂ ನೋಡದೆ, ಆ ಮನುಷ್ಯ ಮಾಡಿಕೊಟ್ಟದ್ದು ಪೆತ್ರಾನ್ ಹಳ್ಳಿಯ ಹಲಗೆಗೆ ತೀರ ಹತ್ತಿರದ ನೆಂಟ.

"ಅವರ ಹೆಸರೇನು ಅಜ್ಜಾ?" ಎಂದು ಹುಡುಗ ಕೇಳಿದ.

ನನಗೆ ಗೊತ್ತಿರಲಿಲ್ಲ. ನಾವು ಆಚಾರಿ ಎಂದೇ ಕರೆದದ್ದು. ನಮ್ಮ ತಂದೆಯವರೂ ಹಾಗೆಯೇ ಕರೆಯುತ್ತಿದ್ದರು. ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಎಂದು ಕಸುಬಿನೊಂದಿಗೆ ಹೆಸರನ್ನೂ ಉಳಿಸಿಕೊಂಡ ಹನ್ನೆರಡನೆಯ ಶತಮಾನದ ಶರಣರ ಬಗ್ಗೆ ತರಗತಿಯಲ್ಲಿ ಅಭಿಮಾನದಿಂದ ಮಾತನಾಡಿದವನು ನಾನು. ಒಬ್ಬ ಕವಿಯ ಹೆಸರಿನ ಒಂದಕ್ಷರಕ್ಕಾಗಿ ಸಭೆಗಳಲ್ಲಿ ಜಗಳವಾಡಿದ್ದೇನೆ. ನನಗೆ ಮೂರು ಬೇಸಗೆಗಳ ಸಂತೋಷ ಕೊಟ್ಟವರ ಕಸುಬು ಮಾತ್ರ ನನ್ನಲ್ಲಿ ಉಳಿದಿದೆ, ಹೆಸರು ಇಲ್ಲ.

ಊರಿಗೆ ಮರಳಿದ ಮೇಲೆ ಹಳಬರನ್ನು ವಿಚಾರಿಸಿದೆ. ಒಬ್ಬರಿಗೆ ಅವರ ಬೀಡಿ ನೆನಪಿದೆ, ಇನ್ನೊಬ್ಬರಿಗೆ ಅವರು ಕೆತ್ತಿದ ಬಾಗಿಲು. ಆ ಬಾಗಿಲು ಈಗಲೂ ನಮ್ಮ ಹಳೆಯ ಮನೆಯಲ್ಲಿದೆ, ಒಂದು ಕೀಲೂ ಸಡಿಲವಾಗಿಲ್ಲ. ವಿಚಾರಣೆಯನ್ನು ನಾನು ಬಿಟ್ಟಿಲ್ಲ. ಕೇಳುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಬಾಗಿಲು, ತೊಟ್ಟಿಲು, ಮಣೆಗಳಿದ್ದರೆ, ಅವನ್ನು ಮಾಡಿದವರ ಹೆಸರು ಬಲ್ಲ ಹಿರಿಯರು ಇನ್ನೂ ಇದ್ದರೆ, ಇಂದೇ ಕೇಳಿ ಬರೆದಿಟ್ಟುಕೊಳ್ಳಿ. ನಾನು ತಡಮಾಡಿದೆ.

ಮೊಮ್ಮಗನ ಎರಡನೆಯ ಹಲಗೆ ಚೆನ್ನಾಗಿ ಜಾರಿತು. ಅದರ ತಳದಲ್ಲಿ ತನ್ನ ಹೆಸರನ್ನೂ ವರ್ಷವನ್ನೂ ಅವನು ಬರೆದಿದ್ದಾನೆ. ಪಕ್ಕದಲ್ಲಿ, ನನ್ನಿಂದ ಹೇಳಿಸಿಕೊಂಡು, ಕನ್ನಡದಲ್ಲಿ 'ಆಚಾರಿ' ಎಂದೂ ಬರೆದಿದ್ದಾನೆ.