ಕುದುರೆಗೆ ದುಂಡಗೆ ನಡೆಯಲು ಕಲಿಸಿದವರು

ವಜ್ರಳ್ಳಿಯಲ್ಲಿ ಕುದುರೆ ಇಲ್ಲ. ಅಡಿಕೆ ತೋಟ, ಬೆಟ್ಟ, ಇಳಿಜಾರು, ಮಳೆಗಾಲದಲ್ಲಿ ಜಾರುವ ಕೆಂಪು ಮಣ್ಣು ಇರುವ ಕಡೆ ಕುದುರೆಗೇನು ಕೆಲಸ? ನಾವು ಬಾಲ್ಯದಲ್ಲಿ ಕಂಡ ಕುದುರೆ ಯಕ್ಷಗಾನದ್ದು. ಅದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಸುಧನ್ವನೋ ಬಭ್ರುವಾಹನನೋ ಅಶ್ವಮೇಧದ ಕುದುರೆಯನ್ನು ಕಟ್ಟಿದ ಎಂದು ಭಾಗವತರು ಹೇಳಿದರೆ ನಾವು ಕಟ್ಟಿಸಿಕೊಂಡೆವು, ಅಷ್ಟೆ.

ಹಾಗಿರುವಾಗ ಕುದುರೆಯ ಬಗ್ಗೆ ಬರೆಯಲು ಕಾರಣ ನಮ್ಮಲ್ಲೇ ಒಬ್ಬ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವನು ಭಾನುವಾರ ಬೆಳಿಗ್ಗೆ ಊರಾಚೆಯ ಒಂದು ಸವಾರಿ ಶಾಲೆಗೆ ಹೋಗುತ್ತಾನೆ. ಸಿನಿಮಾದ ಹಾಗೆ ಬೇಲಿ ಹಾರಿಸುವ ಆಸೆಯಿಂದ ಸೇರಿದವನಿಗೆ ಮೂರು ತಿಂಗಳಾದರೂ ಬೇಲಿ ಸಿಗಲಿಲ್ಲ. "ಗಾಣದ ಎತ್ತಿನ ಹಾಗೆ ಸುತ್ತು ಹಾಕೋದೇ ಆಯ್ತು ಮಾರಾಯ" ಎಂದು ನಮ್ಮ ಗುಂಪಿಗೆ ಧ್ವನಿ ಸಂದೇಶ ಕಳಿಸಿದ. ಅವನು ಹತ್ತುವ ಹೆಣ್ಣು ಕುದುರೆ ರೇಸ್‌ನಿಂದ ನಿವೃತ್ತಿಯಾಗಿ ಬಂದದ್ದು. ಎಡಕ್ಕೆ ಸುತ್ತುವಾಗ ಚೆನ್ನಾಗಿ ನಡೆಯುತ್ತದೆ, ಬಲಕ್ಕೆ ತಿರುಗಿಸಿದರೆ ವೃತ್ತದ ಒಳಗೆ ವಾಲಿ ಬೀಳುತ್ತದೆ. ಅದನ್ನು ಸರಿಪಡಿಸುವುದೇ ಪಾಠ. ಇದಕ್ಕೆ ಫ್ಲಾಟ್‌ವರ್ಕ್ ಅನ್ನುತ್ತಾರಂತೆ. ಇದರ ಮುಂದಿನ ಶಾಸ್ತ್ರಕ್ಕೆ ಡ್ರೆಸಾಜ್.

ಸಂದೇಶವನ್ನು ಜಗುಲಿಯಲ್ಲಿ ಜೋರಾಗಿ ಹಾಕಿ ಕೇಳುತ್ತಿದ್ದಾಗ ನಮ್ಮಲ್ಲೊಬ್ಬನ ದೊಡ್ಡಪ್ಪ ಅಡಿಕೆ ಸುಲಿಯುತ್ತ ಕುಳಿತಿದ್ದರು. ತಲೆ ಎತ್ತದೆ ಕೇಳಿದರು: "ಎಡಕ್ಕೆ ಹೂಡಿ ರೂಢಿಯಾದ ಎತ್ತನ್ನು ಬಲಕ್ಕೆ ಕಟ್ಟಿದರೆ ಗೆರೆ ಸೀದಾ ಬರ್ತದ ತಮ್ಮಾ?"

ಬೆಂಗಳೂರಿನ ತರಬೇತುದಾರರು ಮೂರು ತಿಂಗಳಿಂದ ಹೇಳುತ್ತಿದ್ದುದೂ ಅದನ್ನೇ. ನಮಗೆ ಬಲಗೈ ಎಡಗೈ ಇರುವ ಹಾಗೆ ಕುದುರೆಗೂ ಒಂದು ಬದಿ ಸಲೀಸು, ಇನ್ನೊಂದು ಬದಿ ಬಿಗಿ. ಬೆನ್ನ ಮೇಲೆ ಮನುಷ್ಯ ಕೂತ ಕೂಡಲೇ ಅದು ಭಾರವನ್ನೆಲ್ಲ ಮುಂಗಾಲಿಗೆ ಹಾಕಿ, ಸಲೀಸಾದ ಬದಿಗೆ ಸೊಟ್ಟಗಾಗುತ್ತದೆ. ಸಮತಟ್ಟು ನೆಲದ ಮೇಲೆ 20 ಮೀಟರ್ ಅಗಲದ ವೃತ್ತ, ಎಂಟರ ಆಕಾರ, ಹಾವಿನ ಹಾಗೆ ಡೊಂಕು ದಾರಿ, ನಡಿಗೆಯಿಂದ ಕುಕ್ಕುಲೋಟ, ಕುಕ್ಕುಲೋಟದಿಂದ ಮತ್ತೆ ನಡಿಗೆ, ನಿಲುಗಡೆ — ಇಷ್ಟನ್ನೇ ಎರಡೂ ಬದಿಗೆ ಸಮನಾಗಿ, ವಾರ ವಾರ, ತಿಂಗಳುಗಟ್ಟಲೆ ಮಾಡಿಸಿದರೆ ಹಿಂಗಾಲು ಹೊಟ್ಟೆಯಡಿ ಬರುತ್ತದೆ, ಬೆನ್ನು ಮೇಲೇಳುತ್ತದೆ, ಲಗಾಮನ್ನು ಎಳೆಯಬೇಕಾಗುವುದಿಲ್ಲ. ಸವಾರನ ಕುಂಡೆ ಮತ್ತು ಮೀನಖಂಡದ ಸಣ್ಣ ಒತ್ತಡವೇ ಮಾತಾಗುತ್ತದೆ. ಹೆಚ್ಚಿನ ಸಲ ವಾಲುವುದು ಕುದುರೆಯ ತಪ್ಪೂ ಅಲ್ಲ. ಮೇಲೆ ಕೂತವನೇ ಸೊಟ್ಟ. ಅದು ಅವನಿಗೆ ತಿಳಿಯುವುದಿಲ್ಲ. ಅದಕ್ಕೇ ಕೆಳಗೆ ನಿಂತು ನೋಡಿ ಹೇಳುವವರು ಬೇಕು.

ಈ ಕೆಳಗೆ ನಿಂತವರು ಚರಿತ್ರೆಯಲ್ಲಿ ಎಲ್ಲಿದ್ದಾರೆ ಎಂದು ಹುಡುಕುವ ಹುಚ್ಚು ನಮಗೆ ಹಿಡಿದದ್ದು ಹೀಗೆ. ಡ್ರೆಸಾಜ್ ಯುರೋಪಿನ ಶ್ರೀಮಂತರ ಹವ್ಯಾಸ ಎಂದೇ ನಾವೂ ತಿಳಿದಿದ್ದೆವು.

ಕುದುರೆ ಪಳಗಿಸುವ ಬಗ್ಗೆ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲೊಂದು ಇಂದಿನ ತುರ್ಕಿಯಲ್ಲಿ, ಹಿಟ್ಟೈಟರ ರಾಜಧಾನಿ ಹತ್ತುಶದಲ್ಲಿ ದೊರೆತ ಮಣ್ಣಿನ ಹಲಗೆಗಳದ್ದು. ಮಿತಾನಿ ದೇಶದ ಕಿಕ್ಕುಲಿ ಎಂಬಾತ ಸುಮಾರು 3,400 ವರ್ಷಗಳ ಹಿಂದೆ ರಥದ ಕುದುರೆಗೆ ದಿನದಿನವೂ ಏನು ಮಾಡಿಸಬೇಕು, ಏನು ತಿನ್ನಿಸಬೇಕು ಎಂದು ಬರೆಸಿದ್ದಾನೆ. ಅದರಲ್ಲಿ ಸುತ್ತುಗಳ ಹೆಸರು ಐಕವರ್ತನ, ತೇರವರ್ತನ, ಪಂಜವರ್ತನ, ಸತ್ತವರ್ತನ. ಒಂದು ಸುತ್ತು, ಮೂರು, ಐದು, ಏಳು. ಸಂಸ್ಕೃತ ಗೊತ್ತಿಲ್ಲದ ನಮಗೂ ಅರ್ಥವಾಯಿತು.

ನಮ್ಮ ನಾಡಿನ ನಂಟು ಬರುವುದು ಮೈಸೂರಿನಿಂದ. ಅಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿದ್ದು 1905ರಲ್ಲಿ, ಅಚ್ಚು ಹಾಕಿದ್ದು 1909ರಲ್ಲಿ. ಆ ಪುಸ್ತಕವನ್ನು ರಾಜನೀತಿಗಾಗಿ ಎಲ್ಲರೂ ಉದ್ಧರಿಸುತ್ತಾರೆ. ಅದರ ಎರಡನೇ ಅಧಿಕರಣದ ಅಶ್ವಾಧ್ಯಕ್ಷನ ಪ್ರಕರಣವನ್ನು ಓದುವವರು ಕಡಿಮೆ. ಸವಾರಿ ಕುದುರೆಯ ಚಲನೆಗಳು ಅಲ್ಲಿ ಐದು: ವಲ್ಗನ, ನೀಚೈರ್ಗತ, ಲಂಘನ, ಧೋರಣ, ನಾರೋಷ್ಟ್ರ. ಮೊದಲನೆಯದು ದುಂಡಗೆ ಸುತ್ತುವುದು. ಅದರಲ್ಲೇ ಆರು ಬಗೆ. ಕೊನೆಯದಾದ ನಾರೋಷ್ಟ್ರ ಎಂದರೆ ಸವಾರನ ಸಂಜ್ಞೆ ತಿಳಿದು ನಡೆಯುವುದು. ನಮ್ಮ ಗೆಳೆಯ ಭಾನುವಾರ ದುಡ್ಡು ಕೊಟ್ಟು ಕಲಿಯುತ್ತಿರುವುದು ಈ ಒಂದನೆಯದು ಮತ್ತು ಐದನೆಯದು.

ಆ ಪ್ರಕರಣದಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಲಾಯದ ಕೆಲಸಗಾರರ ಪಟ್ಟಿ. ಕುದುರೆ ಕಟ್ಟುವವನು, ಹುಲ್ಲು ತರುವವನು, ಅದರ ಅಡುಗೆ ಬೇಯಿಸುವವನು, ಲಾಯ ಕಾಯುವವನು, ಕೂದಲು ಕತ್ತರಿಸುವವನು, ವಿಷ ಬಲ್ಲವನು. ಕಲಿಸುವ ಆಚಾರ್ಯರ ಮಾತೂ ಬರುತ್ತದೆ. ಒಂದು ಪ್ರಾಣಿಯ ಹಿಂದೆ ಇಷ್ಟು ಕೈಗಳು ಎಂದು ಆಡಳಿತದ ಪುಸ್ತಕವೊಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಅಮರಕೋಶ ಬಾಯಿಪಾಠ ಮಾಡಿದ ಅಜ್ಜಂದಿರು ನಮ್ಮ ಸೀಮೆಯಲ್ಲಿ ಬಹಳ ಇದ್ದರು. ಕುದುರೆಯನ್ನೇ ಕಾಣದ ಅವರ ಬಾಯಲ್ಲಿ ಕುದುರೆಯ ಐದು 'ಧಾರೆ'ಗಳಿದ್ದವು: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಹೆಸರು ಉಳಿದು ನಡಿಗೆ ಮರೆತುಹೋಗುವುದು ಹೀಗೆ.

ನಡಿಗೆ ಕಣ್ಣಿಗೆ ಕಟ್ಟುವಂತೆ ಸಿಗುವುದು ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೇ ಇಂದ್ರ ಅಲ್ಲಿ 982ರಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ಮುಮ್ಮಡಿ ಕೃಷ್ಣನ ಮೊಮ್ಮಗ. ರಾಜ್ಯ ಆಗಲೇ ಕೈಬಿಟ್ಟಿತ್ತು. ಅವನ ನೆನಪಿನ ಕನ್ನಡ ಶಾಸನ ಗೆದ್ದ ಯುದ್ಧಗಳಿಗಿಂತ ಹೆಚ್ಚಾಗಿ ಅವನು ಕುದುರೆ ಮೇಲೆ ಕೂತು ಚೆಂಡು ಹೊಡೆಯುತ್ತಿದ್ದ ಬಗೆಯನ್ನು ಹೊಗಳುತ್ತದೆ. ಅಂದರೆ ಇಂದಿನ ಪೋಲೋ ತರಹದ ಆಟ. ಹೊಗಳಿಕೆಯೂ ಬರಿಯ ಶೂರ ಧೀರ ಎಂಬಂಥದ್ದಲ್ಲ. ವೃತ್ತದ ಒಳಗೆ, ಹೊರಗೆ, ಎಡಕ್ಕೆ, ಬಲಕ್ಕೆ ಒಂದೇ ಸಮನಾಗಿ ತಿರುಗಬಲ್ಲವನು ಎನ್ನುತ್ತದೆ. ಚಲನೆಯನ್ನು ಸುಕರ, ದುಷ್ಕರ, ವಿಷಮ, ವಿಷಮದುಷ್ಕರ ಎಂದು ನಾಲ್ಕು ತರಗತಿ ಮಾಡುತ್ತದೆ. ಚೆಂಡು ಮೆಣಸಿನ ಕಾಳಿಗಿಂತ ಸಣ್ಣದಾಗಿ, ಕುದುರೆ ಬೆಟ್ಟಕ್ಕಿಂತ ದೊಡ್ಡದಾಗಿದ್ದರೂ ಅವನು ಸುತ್ತು ಹಾಕದೆ ಬಿಡುವವನಲ್ಲ ಎಂಬ ಅರ್ಥದ ಮಾತೂ ಇದೆ. ಉತ್ಪ್ರೇಕ್ಷೆಯೇ. ಆದರೆ ಮೆಣಸು ಬೆಳೆಯುವ ಊರಿನವರಾದ ನಮಗೆ ಅಳತೆ ಚೆನ್ನಾಗಿ ತಿಳಿಯಿತು.

ಈ ಶಾಸನವನ್ನು ಚೆಂಡಾಟದ ಚರಿತ್ರೆಗೆ ಬಳಸುತ್ತಾರೆ. ನಮಗೆ ಅದು ಫ್ಲಾಟ್‌ವರ್ಕಿನ ಅಂಕಪಟ್ಟಿಯ ಹಾಗೆ ಕಾಣುತ್ತದೆ. ಒಂದು ಕೈಯಲ್ಲಿ ಕೋಲು ಹಿಡಿದು, ಓಡುವ ಕುದುರೆಯನ್ನು ಎಡಬಲಕ್ಕೆ ದುಂಡಗೆ ತಿರುಗಿಸಬೇಕಾದರೆ ಆ ಕುದುರೆ ಲಗಾಮಿನ ಎಳೆತಕ್ಕೆ ತಿರುಗುವಂಥದ್ದಾಗಿರಲು ಸಾಧ್ಯವಿಲ್ಲ. ಅದು ಸವಾರನ ಮೈಯ ಮಾತು ಕೇಳುವ ಕುದುರೆ. ಒಂದೆರಡು ದಿನದಲ್ಲಿ ಹಾಗೆ ಕಲಿಸಲಾಗದು, ರಾಜನೊಬ್ಬನೇ ಕಲಿಸಿದ್ದೂ ಇರಲಾರದು. ಕಲಿಸಿದವನ ಹೆಸರು ಕಂಬದಲ್ಲಿಲ್ಲ.

ನೂರೈವತ್ತು ವರ್ಷದ ಬಳಿಕ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ನೂರು ಅಧ್ಯಾಯದ ಪುಸ್ತಕ, ಕಾಲ ಸುಮಾರು 1129. ಆಗ ನಮ್ಮ ಸೀಮೆಯೂ ಅವನ ರಾಜ್ಯದ ಬನವಾಸಿ ಪನ್ನಿರ್ಛಾಸಿರಕ್ಕೆ ಸೇರಿತ್ತು. ಅಡುಗೆ, ಮೀನು ಹಿಡಿಯುವುದು, ಸಂಗೀತ ಎಲ್ಲ ಇರುವ ಆ ಪುಸ್ತಕದ ವಿನೋದಗಳ ಭಾಗದಲ್ಲಿ ತುರಗವಾಹ್ಯಾಳಿಗೆ ಪ್ರತ್ಯೇಕ ಅಧ್ಯಾಯವೇ ಇದೆ. ವಾಹ್ಯಾಳಿ ಎಂದರೆ ಆನೆ ಕುದುರೆ ಓಡಿಸಲೆಂದೇ ಸಜ್ಜು ಮಾಡಿದ ಬಯಲು. ನಮ್ಮ ಹಳೆಗನ್ನಡ ನಡುಗನ್ನಡ ಕಾವ್ಯಗಳ 'ವೈಹಾಳಿ' ಇದೇ. ರಾಜ ಮೊದಲು ಕುದುರೆಯ ನಡೆಗಳನ್ನು ತೋರಿಸುತ್ತಾನೆ, ಆಮೇಲೆ ಎರಡು ತಂಡ ಕಟ್ಟಿ ಚೆಂಡಾಡುತ್ತಾನೆ. ಆಟಕ್ಕೆ ಮುಂಚೆ ನಡೆ ಎಂಬ ಕ್ರಮವನ್ನು ನಮ್ಮ ಗೆಳೆಯನ ತರಬೇತುದಾರರೂ ಬಿಟ್ಟುಕೊಡುವುದಿಲ್ಲ.

ಶಾಸನಗಳಲ್ಲಿ 'ಸಾಹಣಿ', 'ಮಹಾಸಾಹಣಿ' ಎಂಬ ಪದವಿಗಳು ಬರುತ್ತವೆ. ಕುದುರೆ ಪಡೆ ನೋಡಿಕೊಳ್ಳುವ ಅಧಿಕಾರಿಗಳು. ಬನವಾಸಿ ಸುತ್ತಿನ ವೀರಗಲ್ಲುಗಳಲ್ಲಿ ಸವಾರರಿದ್ದಾರೆ. ಕದಂಬ ರಾಜ್ಯ ಹುಟ್ಟಿದ್ದೇ ಮಯೂರಶರ್ಮ ಕಾಂಚಿಯಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಆಡಿದ ಜಗಳದಿಂದ ಎಂದು ತಾಳಗುಂದದ ಶಾಸನವನ್ನು ಹಲವರು ಓದುತ್ತಾರೆ. ಕುದುರೆ ನಮ್ಮ ಚರಿತ್ರೆಯ ಹೊರಗಿನದಲ್ಲ.

ಮುಂದಿನ ಕಾಲದಲ್ಲಿ ಮಾತ್ರ ದಾಖಲೆಗಳ ದನಿ ಬದಲಾಗುತ್ತದೆ. ಅರಬ್ ದೇಶ ಮತ್ತು ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳ, ಹೊನ್ನಾವರ, ಗೋವೆಯಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋದವು. ಘಟ್ಟದಿಂದ ಮೆಣಸು ಇಳಿಯಿತು, ಕುದುರೆ ಹತ್ತಿತು. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ 1530ರ ದಶಕದಲ್ಲಿ ಬರೆದಂತೆ ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು. ಅವನೇ ಹೇಳುವ ಇನ್ನೊಂದು ಸಂಗತಿ: ಹಿಂದಿನ ಒಬ್ಬ ಅರಸ ಹಡಗಿನಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದ, ಬಾಲ ತಂದು ತೋರಿಸಿದರೆ ಸಾಕಿತ್ತು.

ಬೆಲೆಯ ಲೆಕ್ಕ ಬೇಕಾದಷ್ಟಿದೆ. ಪೋರ್ಚುಗೀಸರು ಸಮುದ್ರ ಕಾದದ್ದೂ ಈ ವ್ಯಾಪಾರಕ್ಕಾಗಿ. ಆದರೆ ಹಡಗಿನಲ್ಲಿ ನಿಂತೇ ಬಂದು, ಗೊತ್ತಿಲ್ಲದ ಹವೆಯಲ್ಲಿ ಘಟ್ಟ ಹತ್ತಿದ ಪ್ರಾಣಿಗೆ ಹಂಪಿಯಲ್ಲಿ ಮತ್ತೆ ನಡೆಯಲು ಕಲಿಸಿದವರು ಯಾರು? ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆಯ ಪಕ್ಕ ಲಗಾಮು ಹಿಡಿದು ನಡೆಯುವ ಮನುಷ್ಯರಿದ್ದಾರೆ. ಅವರನ್ನು ನೋಡಿದಾಗ ನಮಗೆ ಸಿಟ್ಟೇ ಬರುತ್ತದೆ. ಸತ್ತ ಕುದುರೆಯ ಬಾಲಕ್ಕೂ ಲೆಕ್ಕವಿದೆ, ಇವರಿಗಿಲ್ಲ.

ಯುರೋಪಿನವರು ಈ ವಿಷಯದಲ್ಲಿ ಸಾಚಾ ಎಂದೇನೂ ಅಲ್ಲ. ಫ್ರಾನ್ಸಿನ ಗೆರಿನಿಯೇರ್ 1733ರಲ್ಲಿ ಬರೆದ ಪುಸ್ತಕದ ಪಾಠಗಳು ಇಂದಿಗೂ ಸವಾರಿ ಶಾಲೆಗಳಲ್ಲಿವೆ. ಡ್ರೆಸಾಜ್ 1912ರಲ್ಲಿ ಒಲಿಂಪಿಕ್ಸ್ ಸೇರಿತು. ಆದರೆ 1952ರ ತನಕ ಅದರಲ್ಲಿ ಸ್ಪರ್ಧಿಸಲು ಸೇನಾಧಿಕಾರಿಯೇ ಆಗಿರಬೇಕಿತ್ತು. 1948ರಲ್ಲಿ ಲಂಡನ್ನಿನಲ್ಲಿ ಸ್ವೀಡನ್ ತಂಡ ಚಿನ್ನ ಗೆದ್ದಿತು. ತಂಡದ ಗೆಹ್ನಾಲ್ ಪೆರ್ಸನ್ ಅಧಿಕಾರಿ ದರ್ಜೆಯವನಲ್ಲ ಎಂದು ಗೊತ್ತಾದ ಮೇಲೆ ಪದಕ ಕಿತ್ತುಕೊಂಡರು. ಕುದುರೆ ಸರಿಯಾಗಿಯೇ ನಡೆದಿತ್ತು! ನಿಯಮ ಬದಲಾಗಿ 1952ರಲ್ಲಿ ಅದೇ ಪೆರ್ಸನ್ ಇದ್ದ ತಂಡ ಮತ್ತೆ ಚಿನ್ನ ಗೆದ್ದಿತು. ಅದೇ ವರ್ಷ, ಪೋಲಿಯೊದಿಂದ ಮೊಣಕಾಲಿನ ಕೆಳಗೆ ಬಲ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿ ಪಡೆದಳು.

ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ನುಗ್ಗಿದ ಕಥೆ ಎಲ್ಲರಿಗೂ ಗೊತ್ತು, ಇಲ್ಲಿ ಬೇಡ. ಬೆಂಗಳೂರಿನ ಫೌವಾದ್ ಮಿರ್ಜಾ ಕಥೆ ಬೇಕು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಸಿನ್ಯೋರ್ ಮೆಡಿಕಾಟ್ ಎಂಬ ಕುದುರೆಯೊಂದಿಗೆ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದವರು. ಕುದುರೆ ಸವಾರಿಯಲ್ಲಿ ಭಾರತಕ್ಕೆ ಅಂಥ ಪದಕ 1982ರ ನಂತರ ಅದೇ ಮೊದಲು. ಈವೆಂಟಿಂಗ್ ಎಂದರೆ ಮೂರು ಪರೀಕ್ಷೆ: ಡ್ರೆಸಾಜ್, ಕಾಡುಮೇಡಿನ ಓಟ, ತಡೆ ಹಾರುವುದು. ಡ್ರೆಸಾಜ್‌ನಲ್ಲಿ ಕಳೆದುಕೊಂಡ ಅಂಕ ಕೊನೆಯ ತನಕ ಸಾಲದ ಹಾಗೆ ಹೆಗಲ ಮೇಲಿರುತ್ತದೆ, ತೀರುವುದಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರ ಡ್ರೆಸಾಜ್ ಸಾಲ 28 ಮಾತ್ರ. ಆ ಹಂತದಲ್ಲಿ ಒಂಬತ್ತನೇ ಸ್ಥಾನ, ಕೊನೆಗೆ 23ನೆಯವರು. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ನಾಲ್ವರು ತಂಡ ಡ್ರೆಸಾಜ್‌ನಲ್ಲಿ ಏಷ್ಯನ್ ಚಿನ್ನವನ್ನೇ ತಂದರು. ಅವರು ಪಾಠಕ್ಕೆಂದು ಯುರೋಪಿನಲ್ಲಿ ಇರಬೇಕಾಯಿತು. ವೈಹಾಳಿಯ ನಾಡಿನ ಮಾತಿದು.

ನಮ್ಮ ಗೆಳೆಯನ ಕುದುರೆಗೆ ಪದಕದ ಹಂಗಿಲ್ಲ. ಅದಕ್ಕಿರುವ ಪ್ರಶ್ನೆ ಬೇರೆ. ರೇಸ್ ಮುಗಿಸಿದ ಕುದುರೆ ಇನ್ನೂ ಹತ್ತಿಪ್ಪತ್ತು ವರ್ಷ ಬದುಕುತ್ತದೆ. ಎರಡೂ ಬದಿಗೆ ಸಮಾಧಾನದಿಂದ ನಡೆಯಲು ಕಲಿತರೆ ಮಕ್ಕಳನ್ನು ಹೊತ್ತು ಶಾಲೆಯಲ್ಲಿ ಉಳಿಯುತ್ತದೆ. ಕಲಿಯದಿದ್ದರೆ ಮದುವೆ ಮೆರವಣಿಗೆಗೋ ಗಾಡಿಗೋ ಹೋಗುತ್ತದೆ, ಆಮೇಲೆ ಎಲ್ಲಿಗೋ. ಇದು ಗೊತ್ತಾದ ಮೇಲೆ ಅವನು ಭಾನುವಾರ ತಪ್ಪಿಸುವುದನ್ನು ಬಿಟ್ಟ, ದೀಪಾವಳಿಗೂ ಊರಿಗೆ ತಡವಾಗಿ ಬಂದ.

ಕಳೆದ ವಾರದ ಸಂದೇಶ ಬೇರೆ ತರಹ ಇತ್ತು. ತರಬೇತುದಾರರು ರಜೆಯಲ್ಲಿದ್ದರಂತೆ. ಲಾಯದಲ್ಲಿ ಕುದುರೆ ಉಜ್ಜುವ ಹಿರಿಯರೊಬ್ಬರು ಬೇಲಿಗೆ ಒರಗಿ ನೋಡುತ್ತಿದ್ದವರು ಕೂಗಿ ಹೇಳಿದರಂತೆ: "ಸಾರ್, ಬಲಕ್ಕೆ ಹೋಗುವಾಗ ನೀವೇ ಎಡಕ್ಕೆ ವಾಲ್ತೀರಿ. ಅದು ಪಾಪ ನಿಮ್ಮನ್ನ ಹಿಡ್ಕೊಳ್ಳೋಕೆ ಒಳಗೆ ಬರ್ತದೆ." ಇವನು ನೆಟ್ಟಗೆ ಕೂತ. ಅರ್ಧ ಸುತ್ತು ಸರಿಯಾಗಿ ಬಂತು.

"ಅವರ ಹೆಸರೇನು?" ಎಂದು ದೊಡ್ಡಪ್ಪ ಕೇಳಿದರು. ಇವನು ಕೇಳಿರಲಿಲ್ಲ. ಮುಂದಿನ ಭಾನುವಾರ ಕೇಳುತ್ತೇನೆ ಅಂದಿದ್ದಾನೆ.