ಸಾಲು ಎಬ್ಬಿಸುವ ಖರ್ಚು: ಚಪ್ಪಟೆ ಪರದೆಗಳ ಸ್ಕ್ಯಾನ್ ಮಂಡಲಗಳಲ್ಲಿ ವಿದ್ಯುತ್ ಉಳಿತಾಯದ ಚರಿತ್ರೆ

ಚಪ್ಪಟೆ ಪರದೆಗಳ ಚರಿತ್ರೆ ಬರೆಯುವವರು ಬಣ್ಣ, ಹೊಳಪು, ದ್ರವ ಸ್ಫಟಿಕಗಳ ವಿಚಿತ್ರ ಗುಣ ಇವುಗಳ ಸುತ್ತಲೇ ಸುತ್ತುತ್ತಾರೆ. ಪರದೆಯ ಅಂಚಿನ ಕಪ್ಪು ಪಟ್ಟಿಯಡಿ ಕುಳಿತು ಸಾಲುಗಳನ್ನು ಒಂದೊಂದಾಗಿ ಎಬ್ಬಿಸುವ ಮಂಡಲಕ್ಕೆ ಆ ಚರಿತ್ರೆಯಲ್ಲಿ ಅಡಿಟಿಪ್ಪಣಿಯಷ್ಟೇ ಜಾಗ. ಪರದೆ ಮೇಜಿನಿಂದ ಜೇಬಿಗೆ, ಜೇಬಿನಿಂದ ಮಣಿಕಟ್ಟಿಗೆ ಬಂದದ್ದರಲ್ಲಿ ಈ ಮಂಡಲದ ಪಾಲು ದೊಡ್ಡದು ಎಂಬುದು ಈ ಲೇಖನದ ವಾದ. ಇದರಲ್ಲಿ ವಿದ್ಯುತ್ತು ಪೋಲಾಗುವ ಜಾಗವೂ ನಾವು ಊಹಿಸಿದ್ದಲ್ಲ. ಅನೇಕ ಸಲ ಎದ್ದು ನಿಂತ ಸಾಲಿಗಿಂತ ಮಲಗಿರುವ ಸಾಲುಗಳೇ ಹೆಚ್ಚು ತಿನ್ನುತ್ತವೆ. ಈ ಗುಟ್ಟು ಬಿಡಿಸಿಕೊಳ್ಳಲು ಎಂಜಿನಿಯರುಗಳಿಗೆ ಹಲವು ದಶಕ ಬೇಕಾಯಿತು. ಆ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ.

ಮಗ್ಗದ ಹಾಸುಹೊಕ್ಕು ಬಲ್ಲವರಿಗೆ ಪರದೆಯ ಹೆಣಿಗೆ ಹೊಸದಲ್ಲ. ಅಡ್ಡ ಎಳೆಗಳು ಸ್ಕ್ಯಾನ್ ಸಾಲುಗಳು, ಉದ್ದ ಎಳೆಗಳು ಚಿತ್ರದ ಮಾಹಿತಿ ತರುವ ಗೆರೆಗಳು, ಎರಡೂ ಕೂಡುವಲ್ಲಿ ಒಂದು ಚುಕ್ಕೆ. 1920 ಚುಕ್ಕೆ ಅಗಲ, 1080 ಚುಕ್ಕೆ ಎತ್ತರದ ಪರದೆಯಲ್ಲಿ ಸ್ಕ್ಯಾನ್ ಸಾಲು 1080. ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿಯ ಮೂರು ಪಾಲು ಇರುವುದರಿಂದ ಮಾಹಿತಿ ಗೆರೆ 5760. ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ ಒಂದು ಸಾಲಿನ ಪಾಲಿಗೆ ಬರುವುದು ಸುಮಾರು 15 ಮೈಕ್ರೊಸೆಕೆಂಡ್. ಗದ್ದೆಗೆ ನೀರು ಕಟ್ಟುವವನು ಒಂದು ಮಡಿಯ ಬಾಯಿ ಬಿಡಿಸಿ, ಅದು ತುಂಬಿದ ಮೇಲೆ ಮುಚ್ಚಿ, ಮುಂದಿನದಕ್ಕೆ ಸರಿಯುವಂತೆ ಸ್ಕ್ಯಾನ್ ಮಂಡಲವೂ ಒಂದು ಸಾಲಿನ ಬಾಗಿಲು ತೆರೆಯುತ್ತದೆ. ಉದ್ದಗೆರೆಗಳು ತಂದ ಮಾಹಿತಿ ತುಂಬಿಕೊಂಡ ಮೇಲೆ ಬಾಗಿಲು ಹಾಕಿ ಕೆಳಗಿನ ಸಾಲಿಗೆ ಇಳಿಯುತ್ತದೆ.

ವಿದ್ಯುತ್ತಿನ ಕಣ್ಣಿಗೆ ಪ್ರತಿ ಸಾಲೂ ಒಂದು ಕೆಪಾಸಿಟರ್. ಅದನ್ನು ಏರಿಸಲು ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದಷ್ಟು ಶಕ್ತಿ ಸರಬರಾಜಿನಿಂದ ಹೊರಡುತ್ತದೆ. ಅರ್ಧ ಸಾಲಿಗೆ ಸೇರುತ್ತದೆ, ಅರ್ಧ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಸ್ವಿಚ್ಚು ಎಷ್ಟು ಒಳ್ಳೆಯದಾದರೂ ಈ ಸುಂಕ ತಪ್ಪದು. ಸಾಲನ್ನು ಮತ್ತೆ ಮಲಗಿಸುವಾಗ ಸೇರಿದ್ದ ಅರ್ಧವೂ ನೆಲದ ಪಾಲು. ಹಾಗಾಗಿ ಉಳಿತಾಯ ಬೇಕೆಂದವರು ವೋಲ್ಟೇಜ್ ಇಳಿಸಬೇಕು, ಧಾರಕತೆ ತಗ್ಗಿಸಬೇಕು, ಎಬ್ಬಿಸುವ ಸಲ ಕಡಿಮೆ ಮಾಡಬೇಕು, ಇಲ್ಲವೇ ಏರಿಸುವ ರೀತಿಯನ್ನೇ ಬದಲಿಸಬೇಕು.

ಮೊದಲ ಹೆಜ್ಜೆಗಳನ್ನಿಟ್ಟವರಿಗೆ ಉಳಿತಾಯದ ಯೋಚನೆ ಇರಲಿಲ್ಲ. ಪರದೆ ಬೆಳಗಿದರೆ ಸಾಕಿತ್ತು. ಅಮೆರಿಕದ ಆರ್‌ಸಿಎ ಪ್ರಯೋಗಾಲಯದಲ್ಲಿ ಪಾಲ್ ವೈಮರ್ 1962ರಲ್ಲಿ ಕ್ಯಾಡ್ಮಿಯಂ ಸಲ್ಫೈಡಿನ ತೆಳುಪದರ ಟ್ರಾನ್ಸಿಸ್ಟರನ್ನು ಪ್ರಕಟಿಸಿದರು. ಅವರ ಗುಂಪೇ 1967ರಲ್ಲಿ ತೆಳುಪದರಗಳಿಂದ ಒಂದು ಕ್ಯಾಮೆರಾ ಸಂವೇದಕವನ್ನು ಕಟ್ಟಿತು. ಅದರ ಸಾಲುಗಳನ್ನು ಸರದಿಯಂತೆ ಎಬ್ಬಿಸುವ ಮಂಡಲವೂ ತೆಳುಪದರದ್ದೇ ಆಗಿತ್ತು. ಸ್ಕ್ಯಾನ್ ಮಂಡಲವನ್ನು ಗಾಜಿನ ಮೇಲೆಯೇ ಕಟ್ಟುವ ಉಪಾಯ ಪರದೆಗಳ ಲೋಕದ್ದೆಂದು ಇಂದು ಹೇಳುವವರು ಈ ಕ್ಯಾಮೆರಾವನ್ನು ಮರೆತಿರುತ್ತಾರೆ. ಅದೇ ಆರ್‌ಸಿಎಯ ಬರ್ನಾರ್ಡ್ ಲೆಕ್ನರ್ ಮತ್ತು ಸಂಗಡಿಗರು ಪ್ರತಿ ಚುಕ್ಕೆಗೂ ಒಂದು ಸ್ವಿಚ್ಚು ಇಡುವ ವಿಚಾರವನ್ನು 1971ರಲ್ಲಿ ವಿವರವಾಗಿ ಮಂಡಿಸಿದರು. ಹಂಗೆರಿ ಮೂಲದ ಪೀಟರ್ ಬ್ರೋಡಿ ವೆಸ್ಟಿಂಗ್‌ಹೌಸ್‌ನಲ್ಲಿ 1973ರ ಹೊತ್ತಿಗೆ 6 ಅಂಗುಲ ಚೌಕದ, ಅಂಗುಲಕ್ಕೆ 20 ಸಾಲಿನ ಪರದೆಯನ್ನು ಮಾಡಿ ತೋರಿಸಿದರು. ಇದನ್ನು ಮಾರುಕಟ್ಟೆಗೆ ತರುವುದು ಬೇರೆಯೇ ಮಾತಾಗಿತ್ತು. ತೆಳುಪದರ ಟ್ರಾನ್ಸಿಸ್ಟರುಗಳನ್ನು ಲಕ್ಷಗಟ್ಟಲೆ ಸರಿಯಾಗಿ ತಯಾರಿಸುವ ಕಾರ್ಖಾನೆ ಆಗ ಎಲ್ಲೂ ಇರಲಿಲ್ಲ.

ಆದ್ದರಿಂದ 1970–80ರ ದಶಕಗಳಲ್ಲಿ ಮಾರುಕಟ್ಟೆ ಆಳಿದ್ದು ಚುಕ್ಕೆಗೆ ಸ್ವಿಚ್ಚಿಲ್ಲದ ಅಗ್ಗದ ಪರದೆ. ಅಲ್ಲಿ ದ್ರವ ಸ್ಫಟಿಕ ತಕ್ಷಣದ ವೋಲ್ಟೇಜಿಗೆ ಓಗೊಡುವುದಿಲ್ಲ. ಒಂದು ಸುತ್ತಿನಲ್ಲಿ ತನ್ನ ಮೇಲೆ ಬಿದ್ದದ್ದನ್ನೆಲ್ಲ ಕೂಡಿಸಿಕೊಂಡು, ಅದರ ವರ್ಗಗಳ ಸರಾಸರಿಯ ವರ್ಗಮೂಲಕ್ಕೆ ತಕ್ಕಂತೆ ತಿರುಗುತ್ತದೆ. ಐಬಿಎಂನ ಆಲ್ಟ್ ಮತ್ತು ಪ್ಲೆಶ್ಕೊ 1974ರಲ್ಲಿ ಇದರ ಮಿತಿಯನ್ನು ಗಣಿತದಲ್ಲಿ ಕಟ್ಟಿಹಾಕಿದರು. ಸಾಲುಗಳ ಸಂಖ್ಯೆ ಏರಿದಂತೆ ಬೆಳಗಬೇಕಾದ ಚುಕ್ಕೆಗೂ ಬೆಳಗಬಾರದ ಚುಕ್ಕೆಗೂ ಸಿಗುವ ವೋಲ್ಟೇಜಿನ ಅಂತರ ಸವೆಯುತ್ತ ಹೋಗುತ್ತದೆ. 4 ಸಾಲಿದ್ದರೆ ಅವುಗಳ ಅನುಪಾತ 1.73, 100 ಸಾಲಿಗೆ 1.11, 400 ಸಾಲಿಗೆ 1.05. ಸಾಲಿಗೆ ಹಾಕುವ ಮಿಡಿತದ ಎತ್ತರವಂತೂ ಸಾಲುಗಳ ಸಂಖ್ಯೆಯ ವರ್ಗಮೂಲದಂತೆ ಏರುತ್ತದೆ: 100 ಸಾಲಿನ ಪರದೆಯಲ್ಲಿ ಸ್ಕ್ಯಾನ್ ಮಿಡಿತ ಮಾಹಿತಿಯ ವೋಲ್ಟೇಜಿನ 10 ಪಟ್ಟು. ಬ್ಯಾಟರಿಯಲ್ಲಿ ಓಡಬೇಕಾದ ಸಾಧನಕ್ಕೆ ಇದು ಶಾಪ. ಸ್ವಿಟ್ಸರ್ಲೆಂಡಿನಲ್ಲಿ ಟೆರಿ ಶೆಫರ್ ಮತ್ತು ಯುರ್ಗೆನ್ ನೇರಿಂಗ್ 1984ರಲ್ಲಿ ಪ್ರಕಟಿಸಿದ ಹೆಚ್ಚು ತಿರುಚಿದ ದ್ರವ ಸ್ಫಟಿಕದ ರಚನೆ, ಅಂದರೆ ಎಸ್‌ಟಿಎನ್, ಸಣ್ಣ ಅಂತರಕ್ಕೂ ಚುರುಕಾಗಿ ತಿರುಗಿ ಅನುಪಾತದ ಕಷ್ಟವನ್ನು ಸುಧಾರಿಸಿತು. ಮಿಡಿತದ ಎತ್ತರ ಮಾತ್ರ ಹಾಗೆಯೇ ಉಳಿಯಿತು.

ಒಂದು ಸಲಕ್ಕೆ ಒಂದೇ ಸಾಲು ಎಂಬ ನಿಯಮವನ್ನು ಯಾರು ಮಾಡಿದರು? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ ಕೆಲವೇ ಜಾಗಗಳಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಒಂದು. ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗವನ್ನು ಕಟ್ಟಿದ ಎಸ್. ಚಂದ್ರಶೇಖರ್ 1971ರಲ್ಲಿ ಇಲ್ಲಿಗೆ ಬಂದು ದ್ರವ ಸ್ಫಟಿಕಗಳ ಪ್ರಯೋಗಾಲಯವನ್ನು ಆರಂಭಿಸಿದ್ದರು. 1977ರಲ್ಲಿ ಅವರೂ ಸಂಗಡಿಗರೂ ತಟ್ಟೆಯಾಕಾರದ ಅಣುಗಳ ದ್ರವ ಸ್ಫಟಿಕವನ್ನು ಕಂಡುಹಿಡಿದದ್ದು ಜಗತ್ತಿಗೆ ಗೊತ್ತು. ಅದೇ ಪ್ರಯೋಗಾಲಯದ ಟಿ.ಎನ್. ರುಕ್ಮಾಂಗದನ್ ಅವರ ಕೆಲಸ ಗೊತ್ತಿರುವುದು ಪರದೆಯ ಎಂಜಿನಿಯರುಗಳಿಗೆ ಮಾತ್ರ. ಎನ್.ವಿ. ಮಧುಸೂದನ ಅವರೊಡನೆ 1980ರ ದಶಕದ ಮೊದಲರ್ಧದಲ್ಲೇ ಸಾಲುಗಳನ್ನು ಗುಂಪಾಗಿ ಎಬ್ಬಿಸುವ ವಿಧಾನಗಳನ್ನು ಅವರು ಹುಡುಕತೊಡಗಿದ್ದರು. 1988ರ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಅದರ ಸಾರ್ವತ್ರಿಕ ರೂಪವನ್ನು ಮಂಡಿಸಿದರು.

ಉಪಾಯ ಹೀಗಿದೆ. ನಾಲ್ಕು ಸಾಲುಗಳನ್ನು ಒಟ್ಟಿಗೆ ಎಬ್ಬಿಸಿ, ಒಂದೊಂದಕ್ಕೂ ಧನ ಅಥವಾ ಋಣ ವೋಲ್ಟೇಜ್ ಕೊಡಿ. ಉದ್ದಗೆರೆಯ ಕಡೆ ಆ ನಾಲ್ಕು ಚುಕ್ಕೆಗಳು ಬೆಳಗಬೇಕೋ ಬೇಡವೋ ಎಂಬುದನ್ನು ಈ ಧನ–ಋಣ ವಿನ್ಯಾಸದೊಡನೆ ತಾಳೆ ನೋಡಿ, ಎಷ್ಟು ಕಡೆ ತಾಳೆಯಾಗಲಿಲ್ಲವೋ ಅದಕ್ಕೆ ತಕ್ಕ ವೋಲ್ಟೇಜ್ ಹಾಕಿ. ಆಮೇಲೆ ವಿನ್ಯಾಸ ಬದಲಿಸಿ ಮತ್ತೆ ಅದನ್ನೇ ಮಾಡಿ. ವಿನ್ಯಾಸಗಳು ಒಂದಕ್ಕೊಂದು ಲಂಬವಾಗಿದ್ದರೆ, ಗಣಿತ ಬಲ್ಲವರು ಹೇಳುವ ಅರ್ಥದಲ್ಲಿ, ನೆರೆಸಾಲುಗಳ ಪ್ರಭಾವ ಸುತ್ತಿನ ಕೊನೆಗೆ ಪರಸ್ಪರ ಕಳೆದುಹೋಗಿ ಪ್ರತಿ ಚುಕ್ಕೆಗೂ ಅದರದೇ ಪಾಲು ಉಳಿಯುತ್ತದೆ. ಮಿಡಿತದ ಎತ್ತರ ಗುಂಪಿನ ಗಾತ್ರದ ವರ್ಗಮೂಲದಷ್ಟು ಇಳಿಯುತ್ತದೆ: ನಾಲ್ಕು ಸಾಲು ಒಟ್ಟಿಗೆ ಎದ್ದರೆ ಅರ್ಧ.

ಎತ್ತರ ಅರ್ಧವಾದರೆ ಶಕ್ತಿ ಕಾಲಾಯಿತು ಎಂದು ಹಿಗ್ಗುವವರಿದ್ದಾರೆ. ಲೆಕ್ಕ ಅಷ್ಟು ಸುಲಭವಲ್ಲ. ಒಂದು ಸಲ ಏಳುತ್ತಿದ್ದ ಸಾಲು ಈಗ ನಾಲ್ಕು ಸಲ ಏಳುತ್ತದೆ; ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಸೋರುತ್ತದೆ. ನಿಜವಾದ ಲಾಭ ಬೇರೆಡೆ ಇದೆ. ಮಿಡಿತ ತಗ್ಗಾದರೆ ಬ್ಯಾಟರಿಯ ವೋಲ್ಟೇಜನ್ನು ಎತ್ತರಕ್ಕೆ ದೂಡುವ ಮಂಡಲದ ಹೊರೆ ಇಳಿಯುತ್ತದೆ, ಕಡಿಮೆ ವೋಲ್ಟೇಜಿನ ಅಗ್ಗದ ಚಿಪ್ಪು ಸಾಕಾಗುತ್ತದೆ. ಇನ್ನೊಂದು ಲಾಭ ಇದಕ್ಕಿಂತ ಸೂಕ್ಷ್ಮ. ಚುರುಕಾದ ದ್ರವ ಸ್ಫಟಿಕ ಒಂದು ದೊಡ್ಡ ಮಿಡಿತವಾದ ಮೇಲೆ ಮುಂದಿನದು ಬರುವಷ್ಟರಲ್ಲಿ ಸಡಿಲವಾಗಿ ಚಿತ್ರ ಮಂಕಾಗುತ್ತದೆ. ಇದನ್ನು ತಡೆಯಲು ಸುತ್ತಿನ ವೇಗವನ್ನೇ ಏರಿಸಿದರೆ ಖರ್ಚು ನೇರವಾಗಿ ಏರುತ್ತದೆ. ಸಣ್ಣ ಮಿಡಿತಗಳನ್ನು ಸುತ್ತಿನುದ್ದಕ್ಕೂ ಹಂಚಿಟ್ಟರೆ ಆ ಅಗತ್ಯವೇ ಬೀಳುವುದಿಲ್ಲ. ಎಸ್‌ಟಿಎನ್ ರಚನೆಯ ಅದೇ ಶೆಫರ್ 1992ರಲ್ಲಿ ಕ್ಲಿಫ್ಟನ್ ಜೊತೆ ಇದೇ ದಾರಿಯ ಇನ್ನೊಂದು ತುದಿಯಲ್ಲಿ ಕಾಣಿಸಿಕೊಂಡರು. ಅವರದು ಎಲ್ಲ ಸಾಲುಗಳನ್ನೂ ಏಕಕಾಲಕ್ಕೆ ಎಬ್ಬಿಸುವ ವಿಧಾನ. ನೋಡಲು ಭವ್ಯವಾಗಿದ್ದರೂ ಪ್ರತಿ ಗಳಿಗೆಗೂ ಇಡೀ ಉದ್ದಗೆರೆಯ ಗಣಿತ ಮಾಡಬೇಕು, ಇಡೀ ಚಿತ್ರವನ್ನು ನೆನಪಿನಲ್ಲಿಡಬೇಕು. ಉಳಿಸಿದ ವಿದ್ಯುತ್ತನ್ನು ಲೆಕ್ಕದ ಚಿಪ್ಪು ನುಂಗುತ್ತದೆ. ಮೊಬೈಲ್ ಫೋನುಗಳ ಎಸ್‌ಟಿಎನ್ ಪರದೆಗಳಲ್ಲಿ ನೆಲೆಯೂರಿದ್ದು ನಾಲ್ಕು ಸಾಲಿನಂಥ ನಡುದಾರಿ. ನನ್ನ ಮಟ್ಟಿಗೆ ಗೆದ್ದದ್ದು ಬೆಂಗಳೂರಿನ ವಿವೇಕ.

ಏರಿಸುವ ರೀತಿಯನ್ನೇ ಬದಲಿಸುವ ದಾರಿ ಪ್ಲಾಸ್ಮಾ ಪರದೆಗಳಿಂದ ಬಂತು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1964ರಲ್ಲಿ ಹುಟ್ಟಿದ ಆ ಪರದೆಯ ಇಡೀ ಹಲಗೆಯನ್ನು ನೂರು ವೋಲ್ಟ್ ಮೀರಿದ ಮಿಡಿತಗಳಿಂದ ಸತತವಾಗಿ ತೂಗಬೇಕಿತ್ತು. ಲ್ಯಾರಿ ವೆಬರ್ ಮತ್ತು ವುಡ್ 1987ರಲ್ಲಿ ಒಂದು ಸುರುಳಿಯನ್ನು ನಡುವೆ ತಂದರು. ಹಲಗೆಯ ಧಾರಕತೆಯಲ್ಲಿದ್ದ ಶಕ್ತಿ ಉಯ್ಯಾಲೆಯಂತೆ ಸುರುಳಿಯ ಮೂಲಕ ಹೊರಗೆ ಬಂದು, ಮುಂದಿನ ಮಿಡಿತಕ್ಕೆ ಮರಳಿ ಒಳಗೆ ಹೋಗುತ್ತದೆ. ತೆಳ್ಳಗಿನ ಫೋನಿನೊಳಗೆ ಸುರುಳಿಗೆ ಜಾಗವಿಲ್ಲ. ಅಲ್ಲಿಗೆ ಒಗ್ಗಿದ್ದು ಮೆಟ್ಟಿಲು. ಒಂದೇ ನೆಗೆತಕ್ಕೆ ಏರಿಸುವ ಬದಲು ಸಮನಾದ ಮೆಟ್ಟಿಲುಗಳಲ್ಲಿ ಏರಿಸಿದರೆ, ದಾರಿಯಲ್ಲಿ ಬಿಸಿಯಾಗುವ ಪಾಲು ಮೆಟ್ಟಿಲುಗಳ ಸಂಖ್ಯೆಯಿಂದ ಭಾಗಿಸಿದಷ್ಟಕ್ಕೆ ಇಳಿಯುತ್ತದೆ. ರುಕ್ಮಾಂಗದನ್ 2006ರಲ್ಲಿ ತಮ್ಮ ಕಿರಿಯ ಸಹಲೇಖಕರೊಡನೆ ಎಲ್‌ಸಿಡಿಗಳ ವಿದ್ಯುತ್ ಬಳಕೆಯನ್ನು ಈ ಮಾರ್ಗದಲ್ಲೇ ತಗ್ಗಿಸಲು ಹೊರಟರು. ಮಲಗುವ ಸಾಲನ್ನು ಏಳುವ ಸಾಲಿಗೆ ಗಳಿಗೆಯ ಮಟ್ಟಿಗೆ ಕೂಡಿಸುವುದು ಇದರ ಸರಳ ಸೋದರ: ಹಳೆಯ ಸಾಲಿನ ಅರ್ಧ ವೋಲ್ಟೇಜ್ ಹೊಸದಕ್ಕೆ ಪುಕ್ಕಟೆಯಾಗಿ ಬಂದು, ಸರಬರಾಜಿನ ಹೊರೆ ಅರ್ಧವಾಗುತ್ತದೆ. ಹಾಗೆ ಕೂಡಿಸುವ ಹೊತ್ತನ್ನು ಆ 15 ಮೈಕ್ರೊಸೆಕೆಂಡಿನಲ್ಲೇ ಕದಿಯಬೇಕು, ಅದೇ ತೊಡಕು.

ಇತ್ತ ಚುಕ್ಕೆಗೊಂದು ಸ್ವಿಚ್ಚಿನ ಪರದೆ ತಲೆಯೆತ್ತಿತು. ಸ್ಕಾಟ್ಲೆಂಡಿನ ಡಂಡಿಯಲ್ಲಿ ಲೆಕಾಂಬರ್ ಮತ್ತು ಸ್ಪಿಯರ್ 1979ರಲ್ಲಿ ಅಸ್ಫಟಿಕ ಸಿಲಿಕಾನ್ ಟ್ರಾನ್ಸಿಸ್ಟರನ್ನು ತೋರಿಸಿದರು. 1988ರಲ್ಲಿ ಶಾರ್ಪ್ 14 ಅಂಗುಲದ ಬಣ್ಣದ ಪರದೆಯನ್ನು ಪ್ರದರ್ಶಿಸಿತು. ಮೊದಮೊದಲು ಸಾಲು ಎಬ್ಬಿಸುವ ಚಿಪ್ಪುಗಳನ್ನು ಅಂಚಿಗೆ ಅಂಟಿಸುತ್ತಿದ್ದರು. ಅವುಗಳ ಬೆಲೆ ಉಳಿಸಲು ಅದೇ ಕೆಲಸವನ್ನು ಗಾಜಿನ ಮೇಲಿನ ನಿಧಾನದ ಟ್ರಾನ್ಸಿಸ್ಟರುಗಳಿಗೆ ಒಪ್ಪಿಸುವ ಮಂಡಲಕ್ಕೆ ಥಾಮ್ಸನ್ ಕಂಪನಿ 1993ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ಇಂದಿಗೂ ಅದರ ಮಕ್ಕಳು ಮೊಮ್ಮಕ್ಕಳೇ ಪರದೆಗಳ ಅಂಚಿನಲ್ಲಿದ್ದಾರೆ. ಮಂಡಲದಲ್ಲಿ ಸಾಲಿಗೊಂದು ಹಂತ. ಹಿಂದಿನ ಸಾಲಿನ ಮಿಡಿತ ಈ ಸಾಲಿನ ಹಂತದಲ್ಲಿರುವ ದೊಡ್ಡ ಟ್ರಾನ್ಸಿಸ್ಟರಿನ ಗೇಟನ್ನು, ಅಂದರೆ ಅದನ್ನು ತೆರೆದು ಮುಚ್ಚುವ ತುದಿಯನ್ನು, ತುಂಬಿಸಿಡುತ್ತದೆ. ಎಲ್ಲ ಹಂತಗಳಿಗೂ ತಾಳ ಹಾಕುವ ಗಡಿಯಾರದ ಮಿಡಿತ ಏರಿದಾಗ ಆ ಗೇಟೂ ಜೊತೆಗೇ ಮೇಲೆ ತಳ್ಳಲ್ಪಟ್ಟು, ಸಾಲಿಗೆ ಪೂರ್ತಿ ವೋಲ್ಟೇಜ್ ದಾಟುತ್ತದೆ. ಮುಂದಿನ ಸಾಲು ಎದ್ದು ಇದನ್ನು ಮಲಗಿಸುತ್ತದೆ. ಬಾಣಲಿ ಕೈಯಿಂದ ಕೈಗೆ ದಾಟುವ ಗಾರೆ ಕೆಲಸದಂತೆ.

ಪೋಲಾಗುವ ಜಾಗ ಇಲ್ಲಿ ಬಯಲಾಗುತ್ತದೆ. ಲೆಕ್ಕಕ್ಕೆಂದು ಒಂದು ಸಾಲಿನ ಧಾರಕತೆ 200 ಪಿಕೊಫ್ಯಾರಡ್, ವೋಲ್ಟೇಜಿನ ಏರಿಳಿತ 30 ವೋಲ್ಟ್ ಎಂದು ಹಿಡಿಯೋಣ. 1080 ಸಾಲುಗಳನ್ನು ಸೆಕೆಂಡಿಗೆ 60 ಸಲ ಎಬ್ಬಿಸಲು ಸುಮಾರು 12 ಮಿಲಿವ್ಯಾಟ್ ಸಾಕು. ಗಡಿಯಾರದ ತಂತಿಗೆ ಮಾತ್ರ ಬಿಡುವಿಲ್ಲ. ಎದ್ದಿರುವುದು ಒಂದೇ ಸಾಲಾದರೂ, ತಂತಿಗೆ ತಗುಲಿಕೊಂಡ ಎಲ್ಲ ಹಂತಗಳ ಟ್ರಾನ್ಸಿಸ್ಟರುಗಳ ಬಿಡಿಧಾರಕತೆಯನ್ನೂ ಅದು ಪ್ರತಿ ಮಿಡಿತಕ್ಕೂ ಹೊತ್ತು ಇಳಿಸಬೇಕು. ಆ ಬಿಡಿಧಾರಕತೆ ಹಂತಕ್ಕೆ ಬರೀ 1 ಪಿಕೊಫ್ಯಾರಡ್ ಇದ್ದರೂ ಎರಡು ಗಡಿಯಾರಗಳ ಮಂಡಲದಲ್ಲಿ ಸುಮಾರು 31 ಮಿಲಿವ್ಯಾಟ್ ವ್ಯರ್ಥ. ಕೆಲಸಕ್ಕೆ 12, ಕೆಲಸವಿಲ್ಲದವರಿಗೆ 31! ಗಡಿಯಾರಗಳನ್ನು ಎಂಟಕ್ಕೆ ಏರಿಸಿದರೆ ಪ್ರತಿಯೊಂದರ ವೇಗವೂ ಹೊರೆಯೂ ಕಾಲಂಶವಾಗಿ, ವ್ಯರ್ಥದ ಮೊತ್ತ 8ರ ಆಸುಪಾಸಿಗೆ ಬರುತ್ತದೆ. ಅಂಚಿನಲ್ಲಿ ತಂತಿಗಳು ಹೆಚ್ಚಿ ಚೌಕಟ್ಟು ಅಗಲವಾಗುವುದು ಇದಕ್ಕೆ ತೆರುವ ಬೆಲೆ.

ಮಲಗಿದ ಸಾಲುಗಳಿಗೆ ಕಾವಲೂ ಬೇಕು. 1080ರಲ್ಲಿ 1079 ಪಾಲು ಹೊತ್ತು ಸಾಲು ಕೆಳಗೇ ಇರಬೇಕಾದ್ದರಿಂದ ಅದನ್ನು ಒತ್ತಿಹಿಡಿಯುವ ಟ್ರಾನ್ಸಿಸ್ಟರು ಹೆಚ್ಚುಕಡಿಮೆ ಸದಾ ತೆರೆದೇ ಇರುತ್ತದೆ. ಅಸ್ಫಟಿಕ ಸಿಲಿಕಾನ್ ಇದನ್ನು ತಾಳದೆ ದಣಿಯುತ್ತದೆ. ಎರಡು ಟ್ರಾನ್ಸಿಸ್ಟರುಗಳನ್ನು ಪಾಳಿಯ ಮೇಲೆ ನಿಲ್ಲಿಸುವ ವಿನ್ಯಾಸಗಳು ಬಂದದ್ದು ಹಾಗೆ.

ಕೊನೆಗೆ ಒದಗಿದ ದೊಡ್ಡ ಉಳಿತಾಯ ಜಾಣ ಮಂಡಲದಿಂದ ಬಂದದ್ದಲ್ಲ, ವಸ್ತುವಿನಿಂದ. ಟೋಕಿಯೊದ ಹಿಡಿಯೊ ಹೊಸೊನೊ ಅವರ ಗುಂಪು 2004ರಲ್ಲಿ ಇಂಡಿಯಂ, ಗ್ಯಾಲಿಯಂ, ಸತುವಿನ ಆಕ್ಸೈಡಿನಿಂದ ಟ್ರಾನ್ಸಿಸ್ಟರ್ ಮಾಡಿತು. ಮುಚ್ಚಿದಾಗ ಅದು ಸೋರುವುದು ಅತ್ಯಲ್ಪ. ಸೋರದ ಮಡಿಗೆ ಪದೇಪದೇ ನೀರು ಬೇಡ. ಚುಕ್ಕೆ ತನ್ನ ಮಾಹಿತಿಯನ್ನು ಹಿಡಿದುಕೊಂಡಿದ್ದರೆ ಸಾಲನ್ನು ಎಬ್ಬಿಸುವ ಸಲವೂ ಕಡಿಮೆಯಾಗುತ್ತದೆ. 2019ರ ಆಪಲ್ ವಾಚ್ ಸರಣಿ 5ರಲ್ಲಿ ಸುತ್ತಿನ ವೇಗ ಸೆಕೆಂಡಿಗೆ 60ರಿಂದ 1ಕ್ಕೆ ಇಳಿಯಬಲ್ಲದು. ಆ 1 ಸುತ್ತಿನಲ್ಲಿ ಬದಲಾದ ಸಾಲುಗಳನ್ನಷ್ಟೇ ಎಬ್ಬಿಸಲು ಥಾಮ್ಸನ್ ಮಾದರಿಯ ಮಂಡಲಕ್ಕೆ ಬಾರದು. ಬಾಣಲಿ ಎಲ್ಲ ಕೈಗಳನ್ನೂ ದಾಟಲೇಬೇಕು.

ಬೆಂಗಳೂರಿನ ಅಧ್ಯಾಯದ ಕಾಗದಪತ್ರಗಳು ಈಗ ಸಮ್ಮೇಳನಗಳ ನಡಾವಳಿಗಳಲ್ಲಿ ಚೆದುರಿವೆ. ಅದೇ ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಆರಂಭಿಸಿದಾಗ ಬೆಂಬಲಕ್ಕೆ ನಿಂತದ್ದು ನಗರದ್ದೇ ಬಿಇಎಲ್ ಕಾರ್ಖಾನೆ. ಆ ದಶಕಗಳಲ್ಲಿ ಈ ಪ್ರಯೋಗಾಲಯಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದವರು ಓದುಗರಲ್ಲಿ ಇರಬಹುದು. ಕೈಯಿಂದ ಬೆಸುಗೆ ಹಾಕಿದ ಚಾಲಕ ಬೋರ್ಡು, ಅಳತೆ ಬರೆದಿಟ್ಟ ಪುಸ್ತಕ, ಅರ್ಧ ಬೆಳಗುವ ಮಾದರಿ ಪರದೆ ಯಾವುದಾದರೂ ಮನೆಯ ಅಟ್ಟದಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹತ್ತಿರದ ವಿಜ್ಞಾನ ವಸ್ತುಸಂಗ್ರಹಾಲಯಕ್ಕೋ ಕಾಲೇಜಿಗೋ ಒಪ್ಪಿಸಿ, ಜೊತೆಗೆ ಅದು ಹೇಗೆ ಕೆಲಸ ಮಾಡುತ್ತಿತ್ತೆಂದು ಒಂದು ಪುಟ ಕನ್ನಡದಲ್ಲಿ ಬರೆದಿಡಿ.